ಹೊಸ ಹ್ಯಾಮ್‌ಗಳೇ, "ಎಲ್ಲಾ ಬ್ಯಾಂಡಿಗೂ ಒಂದೇ ಆಂಟೆನಾ" ಕೊಂಡಿದ್ರೆ ಮೊದಲು ವೈರ್ ಬಿಚ್ಚಿ ನೋಡಿ

ಹ್ಯಾಮ್, ಅಂದ್ರೆ ಹವ್ಯಾಸಿ ರೇಡಿಯೊ, ಲೈಸೆನ್ಸ್ ಕೈಗೆ ಬಂದ ಖುಷಿಯಲ್ಲಿ "ಟ್ಯೂನರ್ ಬೇಡ, 3.5ರಿಂದ 29 ಮೆಗಾಹರ್ಟ್ಸ್‌ವರೆಗೂ ಎಸ್‌ಡಬ್ಲ್ಯೂಆರ್ 1.3 ದಾಟಲ್ಲ" ಅನ್ನೋ ವೈರ್ ಆಂಟೆನಾ ತಗೋಬೇಡಿ. (ಎಸ್‌ಡಬ್ಲ್ಯೂಆರ್ ಅಂದ್ರೆ ಕಳಿಸಿದ ಪವರ್ ಎಷ್ಟು ವಾಪಸ್ ಬರ್ತಿದೆ ಅನ್ನೋದರ ಅಳತೆ, 1 ಅಂದ್ರೆ ಏನೂ ವಾಪಸ್ ಬರ್ತಿಲ್ಲ. ಟ್ಯೂನರ್ ಅದನ್ನ ಇಳಿಸೋ ಪೆಟ್ಟಿಗೆ.) ನಾನು ತಗೊಂಡೆ. ಸರಿಯಾಗಿ ಟೋಪಿ ಹಾಕಿಸಿಕೊಂಡೆ.

ಕಟ್ಟಿದ ದಿನ ಎಲ್ಲಾ ಸರಿಯಾಗೇ ಕಾಣುತ್ತೆ, ಅದೇ ಮೋಸ. ಮೀಟರ್ 1.2 ತೋರಿಸುತ್ತೆ. 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಲ್ಲಿ ಎಲ್ಲರೂ ಕೇಳಿಸ್ತಾರೆ. ನೀವು ಕರೆದ್ರೆ ಮಾತ್ರ ಯಾರೂ ಓಗೊಡಲ್ಲ. 100 ವ್ಯಾಟಲ್ಲಿ ಸಿಕ್ಯೂ (ಯಾರಾದ್ರೂ ಇದ್ದೀರಾ ಅನ್ನೋ ಕರೆ), ಸಿಕ್ಯೂ, ಸಿಕ್ಯೂ. ನಾಲ್ಕು ದಿನ. ಒಂದು ಉತ್ತರ ಇಲ್ಲ.

ಮಾರಿದವರನ್ನ ಕೇಳಿದೆ. "ಪ್ರಾಪಗೇಷನ್ ಸರಿ ಇಲ್ಲ ಸರ್, ಕಾಯಿರಿ." ಅಂದ್ರೆ ವಾತಾವರಣದಲ್ಲಿ ಅಲೆ ದೂರ ಹೋಗ್ತಿಲ್ಲ ಅಂತ. ಮತ್ತೆ ಕೇಳಿದೆ. "ಎಸ್‌ಡಬ್ಲ್ಯೂಆರ್ ಬರ್ತಿದೆ ತಾನೆ? ಇನ್ನೇನು ಬೇಕು?" ಎಸ್ ಮೀಟರ್ (ಬರೋ ಸಿಗ್ನಲ್ ಬಲ ತೋರಿಸೋದು) ಮೇಲೇಳ್ತಿಲ್ಲ ಅಂದ್ರೆ, "ಅದೇ ನಮ್ಮ ಸ್ಪೆಷಲ್, ನಾಯ್ಸ್ ಎತ್ತಲ್ಲ." ಕೊನೆಗೆ "ನೀವು ಹೊಸಬರು, ಮೊದಲು ಆಪರೇಟಿಂಗ್ ಕಲೀರಿ." ಇದು ಚುಚ್ಚಿತು, ಯಾಕಂದ್ರೆ ತಪ್ಪು ನನ್ನದೇ ಅಂತ ನಾನೂ ನಂಬಿಬಿಟ್ಟಿದ್ದೆ.

ಐದನೇ ದಿನ ಆಂಟೆನಾ ಜೊತೆ ಬಂದ, ವೈರೂ ಕೇಬಲ್ಲೂ ಸೇರೋ ಕಪ್ಪು ಬಾಕ್ಸ್ ಮುಟ್ಟಿದ್ರೆ ಕೈ ಸುಡ್ತಿತ್ತು. ಎರಡೂ ರೆಕ್ಕೆ ನಟ್ ಬಿಚ್ಚಿ ವೈರ್ ಪೂರ್ತಿ ತೆಗೆದಿಟ್ಟೆ. ಪವರ್ 5 ವ್ಯಾಟಿಗೆ ಇಳಿಸಿ ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ಬಿಟ್ಟೆ. ಎಸ್‌ಡಬ್ಲ್ಯೂಆರ್ 1.25. ಆಂಟೆನಾನೇ ಇಲ್ಲ, ಆದ್ರೂ 1.25! 80 ಮೀಟರ್, 20 ಮೀಟರ್, 10 ಮೀಟರ್, ಎಲ್ಲಾ ಕಡೆ ಅದೇ. ಹೊಟ್ಟೆ ಉರಿದುಹೋಯ್ತು.

ಅಂಟು ಹಾಕಿ ಮುಚ್ಚಿದ್ದ ಮುಚ್ಚಳ ಮೀಟಿದೆ. ಒಳಗೆ ಅಲ್ಯೂಮಿನಿಯಂ ತಗಡಿಗೆ ಕೂರಿಸಿದ ಮೂರು ಪವರ್ ರೆಸಿಸ್ಟರ್: 100 ಓಮ್, 68 ಓಮ್, 100 ಓಮ್. ಪೈ ಅಟೆನ್ಯುಯೇಟರ್, ಅಂದ್ರೆ ಸಿಗ್ನಲ್ ಇಳಿಸೋ ಜೋಡಣೆ, ಸುಮಾರು 10 ಡಿಬಿ (ಹತ್ತರಲ್ಲಿ ಒಂದು ಭಾಗ ಮಾತ್ರ ಆಚೆ). ಆಚೆ ಏನು ಕಟ್ಟಿದ್ರೂ, ಕಟ್ಟದಿದ್ರೂ, ರಿಗ್‌ಗೆ (ರೇಡಿಯೊ ಸೆಟ್‌ಗೆ) ಬೇಕಾದ 50 ಓಮ್ ಹತ್ತಿರವೇ ಕಾಣುತ್ತೆ. 100 ವ್ಯಾಟಲ್ಲಿ ಸುಮಾರು 90 ಅಲ್ಲೇ ಶಾಖ. ಉಳಿದ 10ರಲ್ಲೂ ವೈರ್ ಮ್ಯಾಚ್ ಆಗದೆ ಇನ್ನಷ್ಟು ನಷ್ಟ. ಕೇಳೋದು ಮಾತ್ರ ಚೆನ್ನಾಗಿರುತ್ತೆ, ಯಾಕಂದ್ರೆ ಎಚ್‌ಎಫ್‌ನಲ್ಲಿ (3ರಿಂದ 30 ಮೆಗಾಹರ್ಟ್ಸ್) ಸಿಗ್ನಲ್ ಜೊತೆ ಬ್ಯಾಂಡ್ ನಾಯ್ಸೂ ಅಷ್ಟೇ ಇಳಿಯುತ್ತೆ. ಹೊಸಬರಿಗೆ ಇದು ಹೊಳೆಯೋದೇ ಇಲ್ಲ.

ಫೋಟೋ ಕಳಿಸಿದೆ. ಬಂದ ಉತ್ತರ: "ಬಾಕ್ಸ್ ಬಿಚ್ಚಿದ್ದೀರಿ, ವಾರಂಟಿ ಹೋಯ್ತು."

ಟರ್ಮಿನೇಟೆಡ್ ಫೋಲ್ಡೆಡ್ ಡೈಪೋಲ್ ಅನ್ನೋ ಆಂಟೆನಾದಲ್ಲೂ ರೆಸಿಸ್ಟರ್ ಇರುತ್ತೆ, ನಿಜ. ಅದನ್ನ ಹೇಳಿಯೇ ಮಾರ್ತಾರೆ. ಇವರು ಬಚ್ಚಿಟ್ಟು ಮಾರ್ತಿದ್ದಾರೆ.

ಈಗಾಗಲೇ ಕೊಂಡಿದ್ರೆ ವೈರ್ ಬಿಚ್ಚಿ 5 ವ್ಯಾಟಲ್ಲಿ ಎಸ್‌ಡಬ್ಲ್ಯೂಆರ್ ನೋಡಿ. ನಿಜವಾದ ಆಂಟೆನಾ ಆದ್ರೆ ಸೂಜಿ ಮೇಲಕ್ಕೆ ಹಾರಲೇಬೇಕು. ಟ್ರಾನ್ಸ್‌ಮಿಟ್ ನಿಲ್ಲಿಸಿ, ರಿಗ್ ಕೇಬಲ್ ತೆಗೆದು, ಬಾಕ್ಸ್ ಸಾಕೆಟ್‌ಗೆ ಮಲ್ಟಿಮೀಟರ್ ಇಡಿ. ನನ್ನದರಲ್ಲಿ 63 ಓಮ್ ಬಂತು. ಅಟೆನ್ಯುಯೇಟರ್ ಇಲ್ಲದ ಬಾಕ್ಸಲ್ಲಿ ಒಂದೋ ಓಪನ್, ಇಲ್ಲಾ ಟ್ರಾನ್ಸ್‌ಫಾರ್ಮರ್ ಸುತ್ತಿನಿಂದ ಸೊನ್ನೆ ಹತ್ತಿರ ಬರುತ್ತೆ.

ಕೊಂಡಿಲ್ಲದಿದ್ರೆ 7.1 ಮೆಗಾಹರ್ಟ್ಸ್‌ಗೆ ಡೈಪೋಲ್ (ಮಧ್ಯದಲ್ಲಿ ಕೇಬಲ್ ಸೇರೋ ಎರಡು ಕೈಯ ವೈರ್ ಆಂಟೆನಾ) ನೀವೇ ಕಟ್ಟಿ. 143 ಭಾಗಿಸು 7.1, ಅಂದ್ರೆ 20.1 ಮೀಟರ್. ಸ್ವಲ್ಪ ಜಾಸ್ತಿ ಬಿಟ್ಟು ಒಂದೊಂದು ಕೈ 10.3 ಮೀಟರ್ ಕತ್ತರಿಸಿ, 7.1ರಲ್ಲಿ ಎಸ್‌ಡಬ್ಲ್ಯೂಆರ್ ಇಳಿಯೋವರೆಗೆ ಎರಡೂ ಕಡೆ ಸಮನಾಗಿ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ ಬನ್ನಿ. 14 ಮೆಗಾಹರ್ಟ್ಸಲ್ಲಿ ಎಸ್‌ಡಬ್ಲ್ಯೂಆರ್ ಕೆಟ್ಟದಾಗಿರುತ್ತೆ. ಇರಲಿ, ಅದು ನಿಜ ಹೇಳ್ತಿದೆ.

ಆ ಕಪ್ಪು ಬಾಕ್ಸ್ ಇವತ್ತೂ "ಹೊಸ ಹ್ಯಾಮ್‌ಗಳಿಗೆ ವಿಶೇಷ" ಅಂತ ಮಾರಾಟಕ್ಕಿದೆ.