ಪ್ಲಾಸ್ಟಿಕ್ ಹೃದಯ: ಮೂರೂವರೆ ಸ್ಟಾರ್, ಅದೂ ನೇಲ್ ಪಾಲಿಶ್ ಹಚ್ಚಿದ ಮೇಲೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಕನ್ನಡ ಮಾಧ್ಯಮ. ಹತ್ತನೇ ಕ್ಲಾಸಿನ ಜೀವಕ್ರಿಯೆಗಳ ಪಾಠ ಬಂದಾಗಲೆಲ್ಲ ಬೋರ್ಡ್ ಮೇಲೆ ಹೃದಯದ ಚಿತ್ರ ಬರೆದು ಬರೆದು ಸಾಕಾಗಿತ್ತು. ಈ ಸಲ ಆನ್‌ಲೈನ್‌ನಲ್ಲಿ ಒಂದು ಮಾಡೆಲ್ ತರಿಸಿದೆ. 1,450 ರೂಪಾಯಿ, ಕೈಯಿಂದ ಹಾಕಿದ್ದು. ಕಂಪನಿ ಹೆಸರು ಬೇಡ ಬಿಡಿ, ನೋಡೋಕೆ ಇದೇ ಥರದ್ದು ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ, ನಿಮಗೆ ಬರುವುದೂ ಇದರ ಅಣ್ಣನೋ ತಮ್ಮನೋ ಆಗಿರಬಹುದು.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಮುಂದಿನ ಗೋಡೆ ಡಬ್ಬಿ ಮುಚ್ಚಳದ ಹಾಗೆ ಕಳಚಿ ಬರುತ್ತದೆ. ಒಳಗೆ ನಾಲ್ಕು ಕೋಣೆ: ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಕೆಳಗಿನ ಎರಡರ ಗೋಡೆ ಎಷ್ಟು ದಪ್ಪ ಅಂತ ಮಕ್ಕಳೇ ಸ್ಕೇಲ್ ಇಟ್ಟು ಅಳೆದರು. ಎಡಕ್ಕೆ 11 ಮಿಲಿಮೀಟರ್, ಬಲಕ್ಕೆ 4. ಇದು ಸರಿಯಾಗೇ ಇದೆ, ನಿಜವಾದ ಹೃದಯದಲ್ಲೂ ಎಡಗಡೆ ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ತಕ್ಷಣ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು, ‘ಹಾಗಾದ್ರೆ ಎಡಗಡೆಯಿಂದ ಜಾಸ್ತಿ ರಕ್ತ ಹೋಗುತ್ತಾ ಮಿಸ್?’

ಬೋರ್ಡ್ ಮೇಲೆ ಚಿತ್ರ ಬರೆದ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ. ದುಡ್ಡು ಅರ್ಧ ಅಲ್ಲೇ ವಸೂಲಾಯಿತು ಅನ್ನಿಸಿತು. ಇಲ್ಲ ಕಣೋ, ಎರಡೂ ಕಡೆ ಅಷ್ಟಷ್ಟೇ, ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್. ಬಲಗಡೆಯದ್ದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸಿದರೆ ಮುಗಿಯಿತು, ಎಡಗಡೆಯದ್ದು ನೆತ್ತಿಯಿಂದ ಕಾಲಿನ ಹೆಬ್ಬೆರಳ ತನಕ ಕಳಿಸಬೇಕು. ಪಕ್ಕದ ತೊಟ್ಟಿಗೆ ನೀರು ಬಿಡೋ ಮೋಟಾರೇ ಮೂರನೇ ಮಹಡಿ ಟ್ಯಾಂಕಿಗೆ ಸಾಕಾಗಲ್ಲ ಅಲ್ವಾ. ಬಿಪಿ ಅಳೆಯುವ ಲೆಕ್ಕದಲ್ಲೇ ಹೇಳುವುದಾದರೆ, ಎಡಗಡೆ ಒತ್ತಡ 120ರ ಹತ್ತಿರ ಏರಿದರೆ ಬಲಗಡೆ 25 ಸಾಕು. ಆದರೆ ಎಡಗಡೆ ಸೋತು ಬಂದಷ್ಟನ್ನು ತಳ್ಳದೆ ಹೋದರೆ ಉಳಿದದ್ದು ಹಿಂದಕ್ಕೆ, ಶ್ವಾಸಕೋಶದ ಕಡೆಗೆ, ಕಟ್ಟಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ‘ಶ್ವಾಸಕೋಶಕ್ಕೆ ನೀರು ತುಂಬಿಕೊಂಡಿದೆ’ ಅನ್ನುತ್ತಾರಲ್ಲ, ಎಷ್ಟೋ ಸಲ ಅದಕ್ಕೆ ಕಾರಣ ಇದೇ.

ಈಗ ಬೈಗುಳ. ಮಾಡೆಲ್‌ನಲ್ಲಿ ಶ್ವಾಸಕೋಶದ ಅಪಧಮನಿಗೆ ಕೆಂಪು ಬಣ್ಣ ಬಳಿದಿದ್ದಾರೆ, ಶ್ವಾಸಕೋಶದ ಅಭಿಧಮನಿಗಳಿಗೆ ನೀಲಿ. ಪೂರ್ತಿ ಉಲ್ಟಾ! ಹೃದಯದಿಂದ ಆಚೆಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ವಾಪಸ್ ತರುವುದು ಅಭಿಧಮನಿ. ಹೆಸರು ಬರುವುದು ದಿಕ್ಕಿನಿಂದ, ಬಣ್ಣದಿಂದಲ್ಲ. ಬಣ್ಣ ಹಾಕುವುದು ಆಮ್ಲಜನಕ ನೋಡಿ: ಜಾಸ್ತಿ ಇದ್ದರೆ ಕೆಂಪು, ಕಮ್ಮಿ ಇದ್ದರೆ ನೀಲಿ. ಶ್ವಾಸಕೋಶಕ್ಕೆ ಹೋಗುವ ರಕ್ತದಲ್ಲಿ ಆಮ್ಲಜನಕ ಕಮ್ಮಿ, ಹಾಗಾಗಿ ಆ ಒಂದು ಅಪಧಮನಿಗೆ ನೀಲಿ ಹಾಕಬೇಕಿತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಹುಡುಗ ಬಹಳ ಮರ್ಯಾದೆಯಿಂದ ‘ಮೇಡಂ, ಆರ್ಟರಿ ಅಂದ್ರೆ ರೆಡ್ಡು, ವೇನ್ ಅಂದ್ರೆ ಬ್ಲೂ, ಕರೆಕ್ಟಾಗೇ ಇದೆ’ ಅಂದ. ಅವನನ್ನು ಏನಂತ ಬೈಯಲಿ, ನಮ್ಮ ಮಕ್ಕಳು ಪ್ರತಿ ವರ್ಷ ಪರೀಕ್ಷೆಯಲ್ಲಿ ಬರೆಯುವ ತಪ್ಪೂ ಅದೇ.

ವಾಪಸ್ ಕಳಿಸುವ ಗೋಜು ಬೇಡ ಅಂತ ಮಗಳ ನೀಲಿ ನೇಲ್ ಪಾಲಿಶ್ ತಂದು ಸರಿಮಾಡಿದೆ. ಕೆಂಪಿಗೂ ಇನ್ನೊಂದು ಬಾಟಲಿ. ಆಮೇಲೆ ಒಬ್ಬಳು ಮೊಣಕೈ ಒಳಗಿನ ನರ ತೋರಿಸಿ ‘ನಂದು ನಿಜವಾಗ್ಲೂ ನೀಲಿ ಇದೆ ಮಿಸ್’ ಅಂದಳು. (ಹಳ್ಳಿ ಕಡೆ ರಕ್ತನಾಳಕ್ಕೂ ನರ ಅಂತಲೇ ಅನ್ನುವುದು, ಆ ಗೊಂದಲ ಬಿಡಿಸಲು ಇನ್ನೊಂದು ಪೀರಿಯಡ್ ಬೇಕು.) ಚರ್ಮದ ಮೂಲಕ ನೋಡುವುದಕ್ಕೆ ಹಾಗೆ ಕಾಣುತ್ತದೆ ಅಷ್ಟೇ. ಸಿರಿಂಜಿಗೆ ಎಳೆದಾಗ ಬರುವುದು ಗಾಢ ಕೆಂಪು. ನೀಲಿ ರಕ್ತ ನಮ್ಮ ಮೈಯಲ್ಲಿ ಎಲ್ಲೂ ಇಲ್ಲ.

ಎರಡನೇ ದೂರು ನನಗೆ ಇನ್ನೂ ದೊಡ್ಡದು. ಹೃದಯದ ಹೊರಮೈ ಮೇಲೆ ಕರೋನರಿ ಅಪಧಮನಿಗಳನ್ನು ಚೆನ್ನಾಗಿ ಎತ್ತಿ ತೋರಿಸಿದ್ದಾರೆ, ಆದರೆ ಅವು ಎಲ್ಲಿಂದ ಶುರುವಾಗುತ್ತವೆ ಅನ್ನುವುದೇ ಇಲ್ಲ. ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿ ಹೊರಡುವ ಕಡೆ, ಕವಾಟದ (ವಾಲ್ವ್) ಸ್ವಲ್ಪ ಮೇಲೆ, ಎರಡು ಸಣ್ಣ ತೂತು ಇರಬೇಕಿತ್ತು. ಒಳಗೆಲ್ಲ ರಕ್ತ ತುಂಬಿದ್ದರೂ ಹೃದಯದ ದಪ್ಪ ಸ್ನಾಯು ಅದನ್ನು ನೇರವಾಗಿ ಹೀರಿಕೊಳ್ಳಲಾರದು, ಅದಕ್ಕೂ ಈ ಎರಡು ತೂತಿನಿಂದಲೇ ಬರಬೇಕು. ಅದೂ ಹೃದಯ ಹಿಂಡಿಕೊಳ್ಳುವಾಗ ಅಲ್ಲ, ಮುಖ್ಯವಾಗಿ ಸಡಿಲವಾಗುವಾಗ. ನನ್ನ ಕ್ಲಾಸಿನಲ್ಲಿ ನಾಲ್ಕು ಮಕ್ಕಳ ಮನೆಯಲ್ಲಿ ಅಜ್ಜನಿಗೋ ದೊಡ್ಡಪ್ಪನಿಗೋ ‘ಸ್ಟಂಟ್’ (ಸ್ಟೆಂಟ್, ಕಟ್ಟಿಕೊಂಡ ಕರೋನರಿ ಅಪಧಮನಿಯನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದೆ. ಅವರಿಗೆ ಬೇಕಾಗಿದ್ದ ಜಾಗವೇ ಮಾಡೆಲ್‌ನಲ್ಲಿ ಮುಚ್ಚಿಹೋಗಿದೆ.

ಉಳಿದದ್ದು ಸಣ್ಣಪುಟ್ಟದ್ದು. ಮ್ಯಾಗ್ನೆಟ್ ಎರಡನೇ ವಾರಕ್ಕೇ ಕಿತ್ತು ಬಂತು, ಈಗ ರಬ್ಬರ್ ಬ್ಯಾಂಡ್. ನಂಬರ್‌ಗಳ ಪಟ್ಟಿ ಬರೀ ಇಂಗ್ಲಿಷ್‌ನಲ್ಲಿದೆ, ಅದರಲ್ಲಿರುವ 17ನೇ ನಂಬರ್ ಮಾಡೆಲ್ ಮೇಲೆ ಎಲ್ಲೂ ಸಿಗಲ್ಲ. ಕವಾಟಗಳನ್ನು ಹಿಡಿದಿಡುವ ದಾರಗಳು ಕಡ್ಡಿಯ ಹಾಗಿವೆ. ಆ ದಾರ ಕವಾಟವನ್ನು ಎಳೆದು ತೆಗೆಯುತ್ತದೆ ಅಂತ ಮಕ್ಕಳು ಅಂದುಕೊಂಡರು, ನಿಜಕ್ಕೆ ಅದರ ಕೆಲಸ ಜೋರು ಗಾಳಿಗೆ ಕೊಡೆ ಉಲ್ಟಾ ಆಗುತ್ತದಲ್ಲ, ಕವಾಟ ಹಾಗೆ ಮೇಲಕ್ಕೆ ಮಗುಚದ ಹಾಗೆ ತಡೆಯುವುದು.

ಇದಕ್ಕೆಲ್ಲ ಮದ್ದು ಮಟನ್ ಅಂಗಡಿಯಲ್ಲಿದೆ. ಕುರಿ ಗುಂಡಿಗೆ ಕೇಳಿ, ಆದರೆ ‘ಮೇಲಿನ ಕೊಳವೆ ಸಮೇತ ಕೊಡಣ್ಣ, ಸೀಳಬೇಡ’ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಅಭ್ಯಾಸಬಲದಲ್ಲಿ ನಾಲ್ಕು ಹೋಳು ಮಾಡಿ ಕವರ್‌ಗೆ ಹಾಕಿಬಿಡುತ್ತಾರೆ. ಮಹಾಪಧಮನಿಯ ಬಾಯಿಗೆ ನಿಧಾನಕ್ಕೆ ನೀರು ಹೊಯ್ದರೆ ಮೂರು ಪುಟ್ಟ ಜೇಬು ಉಬ್ಬಿ, ಒಂದಕ್ಕೊಂದು ಅಂಟಿಕೊಂಡು, ನೀರು ಅಲ್ಲೇ ನಿಲ್ಲುತ್ತದೆ. ಲಬ್-ಡಬ್‌ನಲ್ಲಿ ‘ಡಬ್’ ಅನ್ನುವುದು ಇಂಥ ಕವಾಟ ಮುಚ್ಚುವಾಗಿನದ್ದು. ಆಮೇಲೆ ನೀರು ಮೆಲ್ಲಗೆ ಇಳಿಯುತ್ತದೆ, ಯಾಕೆಂದರೆ ಆ ಎರಡು ತೂತು ಇಲ್ಲಿ ನಿಜವಾಗಿಯೂ ಇವೆ. ಮುಟ್ಟಲು ಇಷ್ಟವಿಲ್ಲದ ಮಕ್ಕಳನ್ನು ಒತ್ತಾಯ ಮಾಡಲಿಲ್ಲ. ಅವರು ಪ್ಲಾಸ್ಟಿಕ್ಕನ್ನು ಹಿಡಿದು ಕಿಟಕಿ ಹತ್ತಿರ ನಿಂತರು, ನಂಬರ್ ಕೂಗಿದ ಹಾಗೆ ತೋರಿಸಿದರು. ಮಾಡೆಲ್ ಇಲ್ಲದಿದ್ದರೆ ಅವರು ಆ ದಿನ ಸುಮ್ನೆ ಕೂತಿರಬೇಕಿತ್ತು. ಅದಕ್ಕೇ ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದು.

ಇನ್ನೊಂದು ಪ್ರಶ್ನೆ ಬಂತು. ‘ಪೈಪ್ ಇಲ್ಲಿಗೇ ಕಟ್ ಆಗಿದೆ, ಆಮೇಲೆ ರಕ್ತ ವಾಪಸ್ ಹೇಗೆ ಬರುತ್ತೆ?’ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಕೂಡ ಇಲ್ಲೇ ಸಿಕ್ಕಿಕೊಂಡಿದ್ದು. ರಕ್ತ ಸುತ್ತುತ್ತದೆ ಅಂತ ಅವನು 1628ರಲ್ಲೇ ಬರೆದ, ಆದರೆ ಅಪಧಮನಿಯಿಂದ ಅಭಿಧಮನಿಗೆ ದಾಟುವ ದಾರಿ ಅವನ ಕಣ್ಣಿಗೆ ಬೀಳಲಿಲ್ಲ. ಆ ದಾರಿಯೇ ಆದ ಅತಿ ಸಣ್ಣ ಲೋಮನಾಳಗಳನ್ನು ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕ ಇಟ್ಟು ಕಂಡದ್ದು 1661ರಲ್ಲಿ. 1,450 ರೂಪಾಯಿ ಮಾಡೆಲ್‌ನಲ್ಲಿ ಅದನ್ನು ಕೇಳುವುದು ಅನ್ಯಾಯ, ಒಪ್ಪುತ್ತೇನೆ.

ಮಾಡೆಲ್ ಬಡಿಯುವುದಿಲ್ಲ, ಅದಕ್ಕೆ ಬಕೆಟ್ ಮತ್ತು ಸಣ್ಣ ಟೀ ಲೋಟ ತಂದೆವು. ಒಂದು ಲೋಟಕ್ಕೆ ಹೆಚ್ಚುಕಮ್ಮಿ 70 ಮಿಲಿ. ನಿಮಿಷಕ್ಕೆ 72 ಸಲ ಒಂದು ಬಕೆಟ್‌ನಿಂದ ಇನ್ನೊಂದಕ್ಕೆ ಸುರಿಯಬೇಕು, ಅಂದರೆ ಐದು ಲೀಟರ್. ಕಬಡ್ಡಿ ಆಡುವ ಹುಡುಗನೊಬ್ಬ ಎದೆ ಸೆಟೆಸಿ ಬಂದ, 41ನೇ ಲೋಟಕ್ಕೇ ನಿಮಿಷ ಮುಗಿಯಿತು, ಅರ್ಧ ನೀರು ನೆಲದ ಮೇಲೆ.

ಕೊಳ್ಳುವವರಿಗೆ ಒಂದೇ ಮಾತು. ಆರ್ಡರ್ ಮಾಡುವ ಮೊದಲು ಫೋಟೋ ದೊಡ್ಡದು ಮಾಡಿ ನೋಡಿ. ಬಲ ಹೃತ್ಕುಕ್ಷಿಯಿಂದ ಮೇಲಕ್ಕೆ ಹೋಗುವ ಕೊಳವೆ ನೀಲಿ ಇದ್ದರೆ ತಗೊಳ್ಳಿ. ಬಲ ಅಂದರೆ ಹೃದಯದ ಬಲ, ಎದುರಿನಿಂದ ನೋಡುವ ನಿಮಗೆ ಅದು ಎಡಗಡೆ. ಇದನ್ನು ನಾನೇ ಮೊದಲ ದಿನ ತಪ್ಪು ಹಿಡಿದುಕೊಂಡಿದ್ದೆ.