ಇ4ಗೆ ಸಿಸಿಲಿಯನ್ನಾ, ಕಾರೋ-ಕಾನಾ?

ಚೆಸ್‌ನಲ್ಲಿ ಬಿಳಿ ಕಾಯಿಯವರು ಮೊದಲ ನಡೆಗೆ ರಾಜನ ಮುಂದಿನ ಪಾನ್ (ಕಾಲಾಳು) ಇ4 ಮನೆಗೆ ತಳ್ಳಿದರೆ ಕಪ್ಪು ಕಾಯಿಯವರು ಎಂತ ಮಾಡುವುದು? ಮಂಗಳೂರು, ಉಡುಪಿಯ ಭಾನುವಾರದ ರ‍್ಯಾಪಿಡ್ ಟೂರ್ನಿಗಳಲ್ಲಿ ಒಂದು ವರ್ಷ ಸಿಸಿಲಿಯನ್ ಆಡಿದೆ, ಅಂದರೆ ಉತ್ತರಕ್ಕೆ ಸಿ5. ಮುಂದಿನ ವರ್ಷ ಕಾರೋ-ಕಾನ್. ನಡುವೆ ನಾಲ್ಕು ಆಟ ಇ6ರಿಂದ ಶುರುವಾಗುವ ಫ್ರೆಂಚ್ ಕೂಡ ಆಡಿದ್ದೆ. ಅದರಲ್ಲಿ ಬಿಳಿ ಮನೆಯಲ್ಲಿ ಓಡಾಡುವ ನನ್ನ ಬಿಷಪ್ ಇ6 ಪಾನ್ ಹಿಂದೆ ಸುಮ್ನೆ ಕೂತೇ ಇರುತ್ತದೆ. ಬೇಜಾರಾಗಿ ಬಿಟ್ಟೆ.

ಸಿಸಿಲಿಯನ್‌ನಲ್ಲಿ ನನ್ನ ಆಸೆ ನೈಡಾರ್ಫ್ ಎಂಬ ಕವಲು. ವಿಶ್ವ ಚಾಂಪಿಯನ್‌ಗಳಾಗಿದ್ದ ಫಿಷರ್, ಕಾಸ್ಪರೋವ್ ಆಡಿದ ದಾರಿ ಅಲ್ವಾ? ಆಫೀಸು ಮುಗಿಸಿ ಬಂದು ರಾತ್ರಿಯೆಲ್ಲ ನಡೆ ಬಾಯಿಪಾಠ ಮಾಡಿದೆ. ಆದರೆ ಅಲ್ಲಿವರೆಗೆ ಹೋಗಲು ಬಿಡುವವರು ಯಾರು ಮಾರಾಯ್ರೆ! ಒಬ್ಬರು ಎರಡನೇ ನಡೆಗೇ ಸಿ3 ಆಡಿ ಅಲಾಪಿನ್ ಎಂಬ ಬೇರೆ ದಾರಿಗೆ ಎಳೆಯುತ್ತಾರೆ. ಇನ್ನೊಬ್ಬರು ಸ್ಮಿತ್-ಮೊರ್ರಾ ಅಂತ ಪಾನ್ ಬಿಟ್ಟುಕೊಟ್ಟು ಮೈಮೇಲೆ ಬೀಳುತ್ತಾರೆ. ಆಟಕ್ಕೆ ಸಿಗುವ 15 ನಿಮಿಷದಲ್ಲಿ ಆರು ನಿಮಿಷ ಅಲ್ಲೇ ಖಾಲಿ. ಗೆದ್ದರೆ ಮಾತ್ರ ಮಜಾ ಬೇರೆ. ಉಡುಪಿಯಿಂದ ವಾಪಸ್ ಬರುವಾಗ ಪಡುಬಿದ್ರಿ ದಾಟಿದ್ದೂ ಗೊತ್ತಾಗುವುದಿಲ್ಲ.

ಕಾರೋ-ಕಾನ್‌ಗೆ ಅಷ್ಟು ಓದು ಬೇಡ. ಸಿ6, ಆಮೇಲೆ ಡಿ5. ಫ್ರೆಂಚ್‌ನಲ್ಲಿ ಸಿಕ್ಕಿಬೀಳುವ ಆ ಬಿಷಪ್ ಇಲ್ಲಿ ಎಫ್5ಗೆ ಆರಾಮಾಗಿ ಹೊರಗೆ ಬರುತ್ತದೆ. ಎದುರಿನವರು ಏನೇ ಆಡಿದರೂ ಹೆಚ್ಚುಕಡಿಮೆ ಒಂದೇ ತರದ ಆಟ. ಕ್ಲಾಕ್‌ನಲ್ಲಿ ಸಮಯ ಉಳಿಯುತ್ತದೆ. ಡ್ರಾ ಸ್ವಲ್ಪ ಜಾಸ್ತಿ, ಅದು ನಿಜ.

ಹಾಗಂತ ಪೂರಾ ಸೇಫ್ ಅಲ್ಲ. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಎದುರು ಕೊನೆಯ ಆಟದಲ್ಲಿ ಕಾಸ್ಪರೋವ್ ಇದನ್ನೇ ಆಡಿ 19 ನಡೆಗಳಲ್ಲಿ ಸೋತರು. ನನ್ನನ್ನು ಸೋಲಿಸಲು ಕಂಪ್ಯೂಟರ್ ಬೇಕಾಗಲಿಲ್ಲ. ಉಡುಪಿಯಲ್ಲಿ ಎದುರು ಕೂತವಳಿಗೆ ಒಂಬತ್ತು ವರ್ಷ ಇರಬಹುದು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೂರನೇ ನಡೆಗೆ ಇ5 ತಳ್ಳಿದಳು, ನಾನು ಬಿಷಪ್ ಎಫ್5ಗೆ ಇಟ್ಟೆ. ಅವಳು ಎಚ್4. ಮಕ್ಕಳಾಟ ಅಂದುಕೊಂಡು ಯೋಚಿಸದೆ ಇ6 ಆಡಿದೆ. ಕೂಡಲೇ ಜಿ4. ಬಿಷಪ್ ಇ4ಗೆ ಓಡಿತು, ಎಫ್3 ಬಂತು. ಜಿ6ಗೆ ಓಡಿತು, ಎಚ್5 ಬಂತು. ಇನ್ನು ಓಡಲು ಮನೆಯೇ ಇಲ್ಲ. ಇ6 ಬದಲು ನಾನೂ ಎಚ್5 ತಳ್ಳಿದ್ದರೆ ಈ ರಗಳೆಯೇ ಇರಲಿಲ್ಲ.

"ಅಂಕಲ್, ಇದು ನಮಗೆ ಕ್ಲಾಸಲ್ಲಿ ಮೊದಲೇ ಹೇಳಿಕೊಟ್ಟಿದ್ದಾರೆ" ಅಂದಳು, ಸ್ಕೋರ್‌ಶೀಟಿಗೆ ಸಹಿ ಹಾಕುತ್ತ.

ಆದರೂ ಈಗ ನನ್ನ ಆಯ್ಕೆ ಕಾರೋ-ಕಾನ್. ಕೆಲಸಕ್ಕೆ ಹೋಗುವವರಿಗೆ ಇದೇ ಸರಿ. ಕೊನೆಯ ರೌಂಡಲ್ಲಿ ಗೆಲ್ಲಲೇಬೇಕು ಅಂದರೆ ಮಾತ್ರ ಸಿಸಿಲಿಯನ್. ಕಳೆದ ತಿಂಗಳು ಹಾಗೇ ಧೈರ್ಯ ಮಾಡಿ ಸಿ5 ಆಡಿದೆ. ಎದುರಿನವರು ಕಣ್ಣು ಕೂಡ ಎತ್ತದೆ ಸಿ3 ಆಡಿದರು.