ಆದೇಶಿಸಲಾಗದ ಆಯೋಗದಿಂದ ಸಿಗುವುದೇನು? ರಾಷ್ಟ್ರೀಯ ಮಾನವ ಹಕ್ಕುಗಳ ಸಂಸ್ಥೆಗಳ ಸೇವೆಯ ಒಂದು ವಿಮರ್ಶೆ

ಸರ್ಕಾರವು ತಾನೇ ಶಾಸನ ಮಾಡಿ, ತಾನೇ ಹಣ ಒದಗಿಸಿ, ತನ್ನ ತಪ್ಪುಗಳನ್ನೇ ಎತ್ತಿ ತೋರಿಸಲೆಂದು ಸ್ಥಾಪಿಸುವ ಸಂಸ್ಥೆಯೊಂದು ಎಷ್ಟರ ಮಟ್ಟಿಗೆ ಕೆಲಸ ಮಾಡೀತು ಎಂಬ ಅನುಮಾನ ಸಹಜವಾದದ್ದೇ. ಇಂದು 100ಕ್ಕೂ ಹೆಚ್ಚು ದೇಶಗಳಲ್ಲಿರುವ ರಾಷ್ಟ್ರೀಯ ಮಾನವ ಹಕ್ಕುಗಳ ಸಂಸ್ಥೆಗಳನ್ನು ಅಳೆಯುವಾಗ ಸಾಮಾನ್ಯವಾಗಿ ಮೊದಲು ಕೇಳಿಬರುವ ಪ್ರಶ್ನೆಯೆಂದರೆ, ಅವುಗಳಿಗೆ ಆದೇಶ ಹೊರಡಿಸುವ ಅಧಿಕಾರವಿದೆಯೇ ಎಂಬುದು. ನನ್ನ ದೃಷ್ಟಿಯಲ್ಲಿ ಅದು ಎರಡನೆಯ ಪ್ರಶ್ನೆ. ತನಿಖೆ ನಡೆಸುವವರು ಯಾರ ನೌಕರರು, ಶಿಫಾರಸು ಸಾರ್ವಜನಿಕರ ಕಣ್ಣಿಗೆ ಬೀಳುತ್ತದೆಯೇ ಎಂಬುದರ ಮೇಲೆಯೇ ಈ ಸೇವೆಯ ಗುಣಮಟ್ಟ ಹೆಚ್ಚಾಗಿ ನಿಂತಿದೆ.

ದೂರು ಸ್ವೀಕರಿಸುವ ವ್ಯವಸ್ಥೆಯ ಬಗ್ಗೆ ಹೆಚ್ಚಿನ ತಕರಾರಿಲ್ಲ. ಭಾರತದ ಆಯೋಗವನ್ನೇ ತೆಗೆದುಕೊಂಡರೆ, ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ, ನೊಂದವರ ಪರವಾಗಿ ಬೇರೆಯವರೂ ದೂರು ಕೊಡಬಹುದು. ಯಾರೂ ದೂರು ಕೊಡದಿದ್ದರೂ ಆಯೋಗವು ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದು. ಬಡವರಿಗೆ ನ್ಯಾಯಾಲಯದ ಮೆಟ್ಟಿಲು ಎಷ್ಟು ದುಬಾರಿ ಎಂಬುದನ್ನು ಬಲ್ಲವರು ಇದನ್ನು ಸಣ್ಣ ಅನುಕೂಲವೆನ್ನಲಾರರು. ಆದರೆ ಇದೇ ದೇಶದ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆಯ ಪ್ರಕಾರ, ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗವು ವಿಚಾರಣೆ ನಡೆಸುವಂತಿಲ್ಲ. ಸಶಸ್ತ್ರ ಪಡೆಗಳ ವಿರುದ್ಧದ ದೂರುಗಳಲ್ಲಿ ಕೇಂದ್ರ ಸರ್ಕಾರದಿಂದ ವರದಿ ಕೇಳಿ, ಅದರ ಆಧಾರದ ಮೇಲೆ ಶಿಫಾರಸು ಮಾಡುವುದಷ್ಟೇ ಅದಕ್ಕೆ ಉಳಿದಿರುವ ದಾರಿ. ಭಯದಿಂದ ಬಾಯಿ ಬಿಡಲು ವರ್ಷಗಳೇ ಬೇಕಾಗುವವರಿಗೆ ಒಂದು ವರ್ಷದ ಕಾಲಮಿತಿ ಕ್ರೂರವಾದದ್ದು.

ಇಷ್ಟಕ್ಕೂ ದೂರು ವಿಲೇವಾರಿ ಈ ಸಂಸ್ಥೆಗಳ ಕಡ್ಡಾಯ ಕೆಲಸವೇ ಅಲ್ಲ. 1991ರಲ್ಲಿ ರೂಪುಗೊಂಡು 1993ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಒಪ್ಪಿಗೆ ಪಡೆದ, ಇಂತಹ ಸಂಸ್ಥೆಗಳು ಹೇಗಿರಬೇಕೆಂಬುದಕ್ಕೆ ಮಾನದಂಡವಾಗಿರುವ ಪ್ಯಾರಿಸ್ ತತ್ವಗಳು ಅದನ್ನು ಐಚ್ಛಿಕವೆಂದೇ ಪರಿಗಣಿಸುತ್ತವೆ. ಮಸೂದೆಗಳನ್ನು ಪರಿಶೀಲಿಸಿ ಸಲಹೆ ನೀಡುವುದು, ಅಂತರರಾಷ್ಟ್ರೀಯ ಒಪ್ಪಂದಗಳಿಗೆ ದೇಶದ ಕಾನೂನನ್ನು ಹೊಂದಿಸಲು ಒತ್ತಾಯಿಸುವುದು, ಯಾವುದೇ ಉಲ್ಲಂಘನೆಯನ್ನು ಸರ್ಕಾರದ ಅನುಮತಿಗೆ ಕಾಯದೆ ಪರಿಶೀಲಿಸಿ ಅಭಿಪ್ರಾಯವನ್ನು ಬಹಿರಂಗಪಡಿಸುವುದು, ಇವೇ ಮೂಲ ಜವಾಬ್ದಾರಿಗಳು. ದೂರಿನ ಹಿಂಬರಹ ಬಾರದೆ ಬೇಸತ್ತವರಿಗೆ ಇದು ನೆಪದಂತೆ ಕೇಳಿಸಬಹುದು, ಒಪ್ಪುತ್ತೇನೆ. ಆದರೂ ಈ ಸೇವೆಯ ಅತ್ಯುತ್ತಮ ಫಲಗಳು ಬಂದಿರುವುದು ಬಿಡಿ ದೂರುಗಳಿಂದಲ್ಲ, ಸಾರ್ವಜನಿಕ ವಿಚಾರಣೆಗಳಿಂದ.

ಆಸ್ಟ್ರೇಲಿಯಾದ ಆಯೋಗವು ಮೂಲನಿವಾಸಿ ಮಕ್ಕಳನ್ನು ಬಲವಂತವಾಗಿ ಕುಟುಂಬಗಳಿಂದ ಬೇರ್ಪಡಿಸಿದ್ದರ ಕುರಿತು ನಡೆಸಿದ ವಿಚಾರಣೆ ಇದಕ್ಕೆ ಒಳ್ಳೆಯ ನಿದರ್ಶನ. 500ಕ್ಕೂ ಹೆಚ್ಚು ಮೂಲನಿವಾಸಿಗಳ ಹೇಳಿಕೆಗಳನ್ನು ಪಡೆದು 1997ರಲ್ಲಿ ಹೊರಬಂದ ಆ ವರದಿಯು ಅಧಿಕೃತ ಕ್ಷಮೆ ಹಾಗೂ ಪರಿಹಾರವನ್ನು ಶಿಫಾರಸು ಮಾಡಿತು. ಅಂದಿನ ಸರ್ಕಾರ ಕ್ಷಮೆ ಕೇಳಲು ಒಪ್ಪಲಿಲ್ಲ. ಆಯೋಗದ ಬಳಿ ಅದನ್ನು ಒತ್ತಾಯಪಡಿಸುವ ಯಾವ ಅಧಿಕಾರವೂ ಇರಲಿಲ್ಲ. ಆದರೆ ವರದಿ ಜನರ ಕೈಯಲ್ಲಿತ್ತು. ತಮ್ಮ ನೆರೆಹೊರೆಯವರಿಗೆ ಏನಾಗಿತ್ತೆಂಬುದನ್ನು ಅವರದೇ ಮಾತುಗಳಲ್ಲಿ ಓದಿದ ಮೇಲೆ ದೇಶಕ್ಕೆ ಅದನ್ನು ಮರೆಯಲಾಗಲಿಲ್ಲ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಹನ್ನೊಂದು ವರ್ಷಗಳ ವಿಳಂಬ ಹೆಮ್ಮೆಪಡುವ ಸಂಗತಿಯಲ್ಲ, ಆಗಲೂ ಪರಿಹಾರದ ವಿಷಯ ಪಕ್ಕಕ್ಕೆ ಸರಿಯಿತು. ಆದರೂ ಅದೇ ವರದಿ ಗೋಪ್ಯ ಕಡತವಾಗಿ ಉಳಿದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಆದೇಶದ ಅಧಿಕಾರವಿದ್ದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಉಗಾಂಡಾವನ್ನು ನೋಡಬೇಕು. ಅಲ್ಲಿನ 1995ರ ಸಂವಿಧಾನ ಆಯೋಗಕ್ಕೆ ಬಂಧಿತರ ಬಿಡುಗಡೆಗೂ ಪರಿಹಾರಧನಕ್ಕೂ ಆದೇಶಿಸುವ ಅಧಿಕಾರ ನೀಡಿದೆ. ಹಾಗಿದ್ದೂ ಆದೇಶಿಸಿದ ಪರಿಹಾರದ ಹಣ ವರ್ಷಗಟ್ಟಲೆ ಬಾಕಿ ಉಳಿಯುವುದು ಅಲ್ಲಿಯೂ ತಪ್ಪಿಲ್ಲ.

ನನಗೆ ಹೆಚ್ಚು ಗಂಭೀರವೆನಿಸುವ ದೋಷ ತನಿಖಾ ವಿಭಾಗದಲ್ಲಿದೆ. ಭಾರತದ ಕಾಯಿದೆಯ 11ನೇ ವಿಧಿಯ ಪ್ರಕಾರ ಆಯೋಗಕ್ಕೆ ಪೊಲೀಸ್ ಮತ್ತು ತನಿಖಾ ಸಿಬ್ಬಂದಿಯನ್ನು ಒದಗಿಸುವುದು ಕೇಂದ್ರ ಸರ್ಕಾರ. ಆ ಸಿಬ್ಬಂದಿಯ ಮುಖ್ಯಸ್ಥರು ಪೊಲೀಸ್ ಮಹಾನಿರ್ದೇಶಕರಿಗಿಂತ ಕಡಿಮೆ ದರ್ಜೆಯವರಾಗಿರಬಾರದು. ಪೊಲೀಸರ ಮೇಲಿನ ದೂರನ್ನು ಪೊಲೀಸ್ ಇಲಾಖೆಯಿಂದಲೇ ಬಂದ ಅಧಿಕಾರಿ, ನಾಳೆ ಅದೇ ಇಲಾಖೆಗೆ ಮರಳಬೇಕಾದವರು, ತನಿಖೆ ಮಾಡುವಾಗ ಅವರು ವೈಯಕ್ತಿಕವಾಗಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ದೂರುದಾರರಿಗೆ ನಂಬಿಕೆ ಹುಟ್ಟುವುದು ಕಷ್ಟ. ಈ ಸಂಸ್ಥೆಗಳ ಜಾಗತಿಕ ಒಕ್ಕೂಟದ ಮಾನ್ಯತಾ ಉಪಸಮಿತಿಯೂ ಇದೇ ಆಕ್ಷೇಪವನ್ನೆತ್ತಿದೆ. ಪ್ಯಾರಿಸ್ ತತ್ವಗಳಿಗೆ ಪೂರ್ಣವಾಗಿ ಬದ್ಧವಾದ ಸಂಸ್ಥೆಗೆ ‘ಎ’, ಭಾಗಶಃ ಬದ್ಧವಾದದ್ದಕ್ಕೆ ‘ಬಿ’ ದರ್ಜೆ ಕೊಟ್ಟು, ‘ಎ’ ದರ್ಜೆಯನ್ನು ಐದು ವರ್ಷಗಳಿಗೊಮ್ಮೆ ಪುನರ್‌ಪರಿಶೀಲಿಸುವ ಈ ಉಪಸಮಿತಿಯು 2023 ಮತ್ತು 2024ರಲ್ಲಿ ಭಾರತದ ಆಯೋಗದ ಮರುಮಾನ್ಯತೆಯನ್ನು ಮುಂದೂಡಿತು. ದರ್ಜೆಯ ಅಕ್ಷರವನ್ನಷ್ಟೇ ನೋಡಿ ತೀರ್ಪು ಕೊಡುವುದಕ್ಕಿಂತ ಆ ಉಪಸಮಿತಿಯ ಟಿಪ್ಪಣಿಗಳನ್ನು ಓದುವುದು ಮೇಲು. ಸದಸ್ಯರ ಆಯ್ಕೆ ಹೇಗೆ ನಡೆಯಿತು, ಅವರಲ್ಲಿ ಸಮಾಜದ ವೈವಿಧ್ಯ ಕಾಣುತ್ತದೆಯೇ ಎಂಬ ವಿವರಗಳೆಲ್ಲ ಅಲ್ಲಿರುತ್ತವೆ.

ಹಣದ ವಿಷಯ ಹೇಳದೇ ಸ್ವಾತಂತ್ರ್ಯದ ಮಾತು ಪೂರ್ಣವಾಗದು. 2017ರಲ್ಲಿ ಫಿಲಿಪೀನ್ಸ್‌ನ ಪ್ರತಿನಿಧಿ ಸಭೆಯು ಮಾದಕವಸ್ತು ವಿರೋಧಿ ಕಾರ್ಯಾಚರಣೆಯ ಹತ್ಯೆಗಳನ್ನು ಪ್ರಶ್ನಿಸುತ್ತಿದ್ದ ಆಯೋಗಕ್ಕೆ ಮುಂದಿನ ವರ್ಷದ ಬಜೆಟ್ಟಾಗಿ 1,000 ಪೆಸೊಗಳನ್ನು ಮಾತ್ರ ಮಂಜೂರು ಮಾಡಿತು. ಸಂವಿಧಾನದಲ್ಲೇ ಸ್ಥಾನ ಪಡೆದ ಸಂಸ್ಥೆಯನ್ನು ರದ್ದು ಮಾಡಲಾಗದಿದ್ದರೂ ಹಸಿವಿನಿಂದ ಕೊಲ್ಲಬಹುದೆಂಬ ಲೆಕ್ಕಾಚಾರವದು. ಜನರ ಆಕ್ರೋಶದ ನಂತರ ಹಣ ಮರಳಿತು. ಅಫ್ಘಾನಿಸ್ತಾನದಲ್ಲಿ ಆ ಅವಕಾಶವೂ ಇರಲಿಲ್ಲ. 2022ರ ಮೇ ತಿಂಗಳಲ್ಲಿ ತಾಲಿಬಾನ್ ಬಜೆಟ್ ಕೊರತೆಯ ಕಾರಣವೊಡ್ಡಿ ಆಯೋಗವನ್ನೇ ವಿಸರ್ಜಿಸಿತು.

ಹಾಗಾದರೆ ಈ ಸೇವೆಯನ್ನು ಯಾರು ಬಳಸಬೇಕು? ಯಾರನ್ನಾದರೂ ಅಕ್ರಮವಾಗಿ ಬಂಧಿಸಿಟ್ಟಿದ್ದು ಇಂದೇ ಬಿಡುಗಡೆಯಾಗಬೇಕಿದ್ದರೆ ಹೇಬಿಯಸ್ ಕಾರ್ಪಸ್ ಅರ್ಜಿಯೊಡನೆ ನ್ಯಾಯಾಲಯಕ್ಕೇ ಹೋಗಬೇಕು. ಆಸ್ತಿಯ ತಗಾದೆಗೂ ಸೇವಾ ಬಡ್ತಿಯ ವ್ಯಾಜ್ಯಕ್ಕೂ ಇದು ಜಾಗವಲ್ಲ. ಜೈಲು, ಮಾನಸಿಕ ಆರೋಗ್ಯ ಕೇಂದ್ರ, ನಿರಾಶ್ರಿತರ ಶಿಬಿರಗಳಂತಹ ಮುಚ್ಚಿದ ಬಾಗಿಲುಗಳ ಹಿಂದೆ ನಡೆಯುವ, ಒಬ್ಬರಿಗಲ್ಲದೆ ಅನೇಕರಿಗೆ ಒಂದೇ ರೀತಿಯಲ್ಲಿ ಆಗುತ್ತಿರುವ ಅನ್ಯಾಯಕ್ಕೆ ಇದಕ್ಕಿಂತ ತಕ್ಕ ವೇದಿಕೆ ಸಿಗುವುದು ಕಷ್ಟ. ದೂರಿನಲ್ಲಿ ದಿನಾಂಕ, ಸ್ಥಳ, ಅಧಿಕಾರಿಯ ಹುದ್ದೆ ಸ್ಪಷ್ಟವಾಗಿರಲಿ. ವೈದ್ಯಕೀಯ ದಾಖಲೆಗಳಿದ್ದರೆ ಪ್ರತಿ ಲಗತ್ತಿಸಿ. ಇಲಾಖೆಯು ಆಯೋಗಕ್ಕೆ ಕೊಟ್ಟ ವರದಿಯ ಪ್ರತಿಯನ್ನು ತಪ್ಪದೆ ಕೇಳಿ ಪಡೆದು, ಅದರಲ್ಲಿ ಸುಳ್ಳಿದ್ದರೆ ಪ್ರತಿಯೊಂದಕ್ಕೂ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿ; ದೂರುದಾರರಿಂದ ಉತ್ತರ ಬಾರದಿದ್ದರೆ ಇಲಾಖೆಯ ಮಾತೇ ಕಡತದಲ್ಲಿ ಕೊನೆಯ ಮಾತಾಗಿ ಉಳಿಯುವ ಸಂಭವ ಹೆಚ್ಚು.